ಒಂದೇ ಬಣ್ಣದಲ್ಲಿ ಭಾವಚಿತ್ರ: ಅಂಗಿಯ ಮೇಲಿನ ಸ್ಕ್ರೀನ್ ಪ್ರಿಂಟಿಂಗ್‌ಗೆ ಪೂರ್ವಸಿದ್ಧತೆ

(ಬೈಲಹೊಂಗಲ, ಕಿತ್ತೂರು, ಸವದತ್ತಿ ಹಾಗೂ ರಾಮದುರ್ಗ ತಾಲ್ಲೂಕುಗಳ ಗ್ರಾಮ ಪಂಚಾಯತಿ ಸದಸ್ಯರ ಅಧ್ಯಯನಕ್ಕಾಗಿ)

ಪೀಠಿಕೆ

ಅಕ್ಟೋಬರ್ 23ರ ಕಿತ್ತೂರು ಉತ್ಸವ, ಆಗಸ್ಟ್ 15ರ ಸಂಗೊಳ್ಳಿ ರಾಯಣ್ಣ ಜಯಂತಿ ಮೊದಲಾದ ಸಂದರ್ಭಗಳಲ್ಲಿ ಸ್ವಯಂಸೇವಕರಿಗೂ ಶಾಲಾ ಮಕ್ಕಳಿಗೂ ಭಾವಚಿತ್ರವುಳ್ಳ ಟೀ ಶರ್ಟ್ ಹಂಚುವ ರೂಢಿ ಬೆಳೆದಿದೆ. ಒಂದೇ ಬಣ್ಣದ ಸ್ಕ್ರೀನ್ ಪ್ರಿಂಟಿಂಗ್ ಇದಕ್ಕೆ ಮಿತವ್ಯಯದ ವಿಧಾನ. ಒಂದು ಚೌಕಟ್ಟು ಸಿದ್ಧಪಡಿಸುವ ಖರ್ಚು 20 ಅಂಗಿಗೂ ಅಷ್ಟೇ, 200 ಅಂಗಿಗೂ ಅಷ್ಟೇ. ಆದರೆ ಚಿತ್ರವನ್ನು ಸರಿಯಾಗಿ ಸಿದ್ಧಪಡಿಸದಿದ್ದರೆ ಮೊಬೈಲ್ ಪರದೆಯಲ್ಲಿ ಚೆನ್ನಾಗಿ ಕಂಡ ಮುಖವು ಬಟ್ಟೆಯ ಮೇಲೆ ಗುರುತು ಹತ್ತದ ಕಪ್ಪು ಕಲೆಯಾಗುತ್ತದೆ. ಬಟ್ಟೆಗೆ ಹತ್ತಿ ಒಣಗಿದ ಬಣ್ಣವನ್ನು ತೆಗೆಯಲಾಗದು. ಸಾರ್ವಜನಿಕ ಹಣದ ಜೊತೆಗೆ ಗೌರವಿಸಬೇಕಾದ ವ್ಯಕ್ತಿಯ ಮರ್ಯಾದೆಗೂ ಇದರಿಂದ ಕುಂದು ಬರುತ್ತದೆ.

1. ಒಂದು ಬಣ್ಣದ ಮಿತಿ

ಚೌಕಟ್ಟಿಗೆ ಬಿಗಿದ ಜಾಲರಿಯ ತೆರೆದ ರಂಧ್ರಗಳ ಮೂಲಕ ಬಣ್ಣವನ್ನು ಒತ್ತಿ ಬಟ್ಟೆಗೆ ಇಳಿಸುವುದೇ ಈ ಮುದ್ರಣದ ಕ್ರಮ. ರಂಧ್ರ ತೆರೆದಲ್ಲಿ ಬಣ್ಣ ಪೂರ್ತಿಯಾಗಿ ಬೀಳುತ್ತದೆ, ಮುಚ್ಚಿದಲ್ಲಿ ಏನೂ ಬೀಳದು. ಫೋಟೋದಲ್ಲಿ ಕಪ್ಪು ಬಿಳುಪುಗಳ ನಡುವೆ ಬೂದು ಬಣ್ಣದ ಹಲವು ಛಾಯೆಗಳಿರುತ್ತವೆ. ಕೆನ್ನೆಯ ಉಬ್ಬು, ಕಣ್ಣಿನ ಗುಳಿ, ಮೂಗಿನ ನೆರಳು ಎಲ್ಲವೂ ಆ ಛಾಯೆಗಳಿಂದಲೇ ಮೂಡುತ್ತವೆ. ಕಪ್ಪು ಬಣ್ಣದಿಂದ ನೇರವಾಗಿ ಬೂದನ್ನು ಮುದ್ರಿಸಲಾಗದ ಕಾರಣ, ಮುದ್ರಣಕ್ಕೆ ಮುಂಚೆಯೇ ಆ ಛಾಯೆಗಳನ್ನು ಬೇರೆ ರೂಪಕ್ಕೆ ತರಬೇಕಾಗುತ್ತದೆ.

2. ಮೂಲ ಚಿತ್ರದ ಆಯ್ಕೆ

ರಾಣಿ ಚೆನ್ನಮ್ಮ 1829ರಲ್ಲಿ ಬೈಲಹೊಂಗಲದ ಸೆರೆಯಲ್ಲಿ ನಿಧನರಾದರು. ರಾಯಣ್ಣನನ್ನು ನಂದಗಡದಲ್ಲಿ ಗಲ್ಲಿಗೇರಿಸಿದ್ದು 1831ರಲ್ಲಿ. ಛಾಯಾಗ್ರಹಣ ಲೋಕಕ್ಕೆ ಪ್ರಕಟವಾದದ್ದು 1839ರಲ್ಲಿ. ಆದ್ದರಿಂದ ಇವರಿಬ್ಬರ ಫೋಟೋ ಇರಲು ಸಾಧ್ಯವಿಲ್ಲ. ಬಳಕೆಯಲ್ಲಿರುವುದೆಲ್ಲ ಕಲಾವಿದರ ಚಿತ್ರ ಅಥವಾ ಪ್ರತಿಮೆಯ ಫೋಟೋ. ಪ್ರತಿಮೆಯ ಫೋಟೋವನ್ನು ನಡುಹಗಲಿನಲ್ಲಿ ತೆಗೆದರೆ ಕಣ್ಣುಗಳು ನೆರಳಿನಲ್ಲಿ ಮುಚ್ಚಿಹೋಗುತ್ತವೆ. ಬೆಳಗ್ಗೆ ಅಥವಾ ಸಂಜೆ, ಓರೆ ಬಿಸಿಲು ಮುಖಕ್ಕೆ ಬೀಳುವಾಗ ತೆಗೆಯುವುದು ಲೇಸು.

ಸವದತ್ತಿ ತಾಲ್ಲೂಕಿನ ತ್ಯಾಗವೀರ ಶಿರಸಂಗಿ ಲಿಂಗರಾಜರು (1861–1906) ಛಾಯಾಗ್ರಹಣದ ಕಾಲದವರು. 1939ರ ರಾಮದುರ್ಗ ಸಂಸ್ಥಾನದ ಪ್ರಜಾಹೋರಾಟದ ತಲೆಮಾರಿನವರ ಹಳೆಯ ಫೋಟೋಗಳು ಮನೆಗಳಲ್ಲಿ ದೊರೆತರೆ, ಕಟ್ಟಿನ ಗಾಜಿನ ಮೇಲಿಂದ ಮೊಬೈಲ್‌ನಲ್ಲಿ ತೆಗೆಯದೆ, ಮನೆಯವರ ಒಪ್ಪಿಗೆಯಿಂದ ಹೊರತೆಗೆದು ಸ್ಕ್ಯಾನ್ ಮಾಡಿಸಬೇಕು. ಪಾಸ್‌ಪೋರ್ಟ್ ಅಳತೆಯ ಫೋಟೋವನ್ನು ಇಂಚಿಗೆ 1200 ಚುಕ್ಕೆಗಳಂತೆ ಸ್ಕ್ಯಾನ್ ಮಾಡಿದರೆ 8 ಇಂಚು ಅಗಲದ ಮುದ್ರಣಕ್ಕೆ ಸಾಕಾಗುತ್ತದೆ. ವಾಟ್ಸಾಪ್‌ನಲ್ಲಿ ಚಿತ್ರವಾಗಿ ಕಳುಹಿಸಿದರೆ ವಿವರಗಳು ಕುಗ್ಗುತ್ತವೆ. ಡಾಕ್ಯುಮೆಂಟ್ ರೂಪದಲ್ಲಿ ಕಳುಹಿಸಬೇಕು.

ಚಿತ್ರದ ಹಕ್ಕನ್ನೂ ವಿಚಾರಿಸಬೇಕು. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಫೋಟೋದ ಹಕ್ಕು ಛಾಯಾಗ್ರಾಹಕರ ನಿಧನಾನಂತರ 60 ವರ್ಷ, ವರ್ಣಚಿತ್ರದ ಹಕ್ಕು ಕಲಾವಿದರ ನಿಧನಾನಂತರ 60 ವರ್ಷ ಇರುತ್ತದೆ. ಹಕ್ಕುಳ್ಳವರಿಂದ ಲಿಖಿತ ಒಪ್ಪಿಗೆ ಪಡೆದು ಕಡತದಲ್ಲಿರಿಸಬೇಕು.

3. ಚಿತ್ರವನ್ನು ಸಿದ್ಧಪಡಿಸುವ ಎರಡು ಮಾರ್ಗಗಳು

ಯಾವ ಮಾರ್ಗವಾದರೂ ಮೊದಲು ಹಿನ್ನೆಲೆಯನ್ನು ತೆಗೆದು, ಬಣ್ಣವನ್ನು ಕಪ್ಪು-ಬಿಳುಪಿಗೆ ತಂದು, ಬೆಳಕು ನೆರಳುಗಳ ಅಂತರವನ್ನು ಹೆಚ್ಚಿಸಬೇಕು. ಹಿನ್ನೆಲೆ ಹೋದಾಗ ಬಿಳಿ ರುಮಾಲು ಬಿಳಿ ಬಟ್ಟೆಯಲ್ಲಿ ಕರಗಿಹೋಗದಂತೆ ಅದರ ಅಂಚಿಗೆ ತೆಳುವಾದ ಗೆರೆ ಉಳಿಸಬೇಕು.

ಮೊದಲನೆಯದು ಗೆರೆಚಿತ್ರ. ಇಲ್ಲಿ ಬೂದು ಛಾಯೆಗಳನ್ನು ಬಿಟ್ಟು ಚಿತ್ರವನ್ನು ಪೂರ್ಣ ಕಪ್ಪು ಮತ್ತು ಪೂರ್ಣ ಬಿಳುಪು ಎಂದು ಎರಡು ಭಾಗ ಮಾಡಲಾಗುತ್ತದೆ. ಕಂಪ್ಯೂಟರ್ ಇಡೀ ಚಿತ್ರಕ್ಕೆ ಒಂದೇ ಮಟ್ಟ ಹಿಡಿಯುವುದರಿಂದ ಕಣ್ಣು ಸರಿಬಂದರೆ ಗದ್ದ ಕಪ್ಪಾಗುವುದುಂಟು. ಕಣ್ಣು, ಮೂಗು, ಬಾಯಿಗಳನ್ನು ಬೇರೆಬೇರೆಯಾಗಿ ನೋಡಿ ಕೈಯಿಂದ ತಿದ್ದಿಸಬೇಕು. ದೊಡ್ಡ ಆಕಾರದ, ದೂರದಿಂದ ಗುರುತಿಸಬೇಕಾದ ಮುಖಗಳಿಗೆ ಹಾಗೂ ಹೊಸದಾಗಿ ಕೆಲಸ ಕಲಿಯುತ್ತಿರುವ ಸ್ವಸಹಾಯ ಸಂಘಗಳಿಗೆ ಇದು ಅನುಕೂಲ.

ಎರಡನೆಯದು ಹಾಫ್‌ಟೋನ್, ಅಂದರೆ ಚುಕ್ಕೆಚಿತ್ರ. ದಟ್ಟ ನೆರಳಿರುವಲ್ಲಿ ದೊಡ್ಡ ಚುಕ್ಕೆ, ತಿಳಿಯಾದಲ್ಲಿ ಸಣ್ಣ ಚುಕ್ಕೆ ಇರುವುದರಿಂದ ದೂರದಿಂದ ನೋಡಿದಾಗ ಬೂದಿನ ಭಾಸವಾಗುತ್ತದೆ. ವೃತ್ತಪತ್ರಿಕೆಯ ಚಿತ್ರವನ್ನು ಭೂತಗನ್ನಡಿಯಲ್ಲಿ ನೋಡಿದರೆ ಇದೇ ತಂತ್ರ ಕಾಣುತ್ತದೆ. ಅಂಗಿಗೆ ಇಂಚಿಗೆ 35ರಿಂದ 45 ಸಾಲು ಚುಕ್ಕೆ ಯೋಗ್ಯ. ಜಾಲರಿಯ ಎಳೆಗಳು ಆ ಸಂಖ್ಯೆಯ 4ರಿಂದ 5 ಪಟ್ಟು ಇರಬೇಕು. 40 ಸಾಲಿಗೆ ಇಂಚಿಗೆ 160ರಿಂದ 200 ಎಳೆ. ಬಟ್ಟೆ ಬಣ್ಣವನ್ನು ಹೀರುವುದರಿಂದ ಚುಕ್ಕೆಗಳು ಹಿಗ್ಗಿ ಮುಖ ಕಪ್ಪಾಗುತ್ತದೆ. ಆದಕಾರಣ ಪರದೆಯಲ್ಲಿ ಮುಖವು ತುಸು ತಿಳಿಯಾಗಿ ಕಾಣುವಂತೆ ಸಿದ್ಧಪಡಿಸಬೇಕು.

4. ಬಟ್ಟೆಯ ಬಣ್ಣ

ಬಿಳಿ ಅಂಗಿಯ ಮೇಲೆ ಕಪ್ಪು ಬಣ್ಣವು ನೆರಳನ್ನು ಮೂಡಿಸುತ್ತದೆ. ಕಪ್ಪು ಅಥವಾ ಕಡುನೀಲಿ ಅಂಗಿಯ ಮೇಲೆ ಬಿಳಿ ಬಣ್ಣವು ಬೆಳಕನ್ನು ಮೂಡಿಸಬೇಕು. ಬಿಳಿ ಅಂಗಿಗೆ ಮಾಡಿದ ಚೌಕಟ್ಟಿನಿಂದಲೇ ಕಪ್ಪು ಅಂಗಿಗೆ ಬಿಳಿ ಬಣ್ಣ ಹಾಕಿದರೆ ಕೂದಲು ಬೆಳ್ಳಗೆ, ಹಣೆ ಕಪ್ಪಗೆ ಬಂದು ಮುಖವು ಫೋಟೋದ ನೆಗೆಟಿವ್‌ನಂತೆ ವಿಕಾರವಾಗುತ್ತದೆ. ಅಂಗಿಯ ಬಣ್ಣವನ್ನು ಮೊದಲು ನಿರ್ಧರಿಸಿ, ನಂತರವೇ ಚಿತ್ರವನ್ನು ಸಿದ್ಧಪಡಿಸಬೇಕು. ಕೊನೆಗಳಿಗೆಯಲ್ಲಿ ಅಂಗಿಯ ಬಣ್ಣ ಬದಲಾದರೆ ಚೌಕಟ್ಟನ್ನೂ ಹೊಸದಾಗಿ ಮಾಡಿಸಬೇಕಾಗುತ್ತದೆ.

5. ಮಾದರಿ ಅಂಗಿಯ ಪರಿಶೀಲನೆ

ಪರದೆಯ ಮೇಲಿನ ಅಥವಾ ಕಾಗದದ ಮೇಲಿನ ನಕಲನ್ನು ನೋಡಿ ಒಪ್ಪಿಗೆ ಕೊಡುವುದು ಸಾಲದು. ದರಪಟ್ಟಿ ಕೇಳುವಾಗಲೇ ಅಂಗಿಯ ಬಣ್ಣ, ಮುದ್ರಣದ ಅಳತೆ ಮತ್ತು ಒಂದು ಮಾದರಿ ಅಂಗಿಯ ಷರತ್ತನ್ನು ನಮೂದಿಸಬೇಕು. ಮಾದರಿ ಬಂದ ಮೇಲೆ ಸದಸ್ಯರು ಈ ಕೆಳಗಿನವುಗಳನ್ನು ಪರೀಕ್ಷಿಸಬೇಕು:

ಅ) ಹತ್ತು ಹೆಜ್ಜೆ ದೂರದಿಂದ ಮುಖ ಗುರುತು ಹತ್ತುತ್ತದೆಯೇ? ಹೆಸರು ಹೇಳದೆ ಊರಿನ ಇಬ್ಬರಿಗೆ ತೋರಿಸಿ ಕೇಳುವುದು ಉತ್ತಮ.
ಆ) ಎರಡೂ ಕಣ್ಣುಗಳು ಸ್ಪಷ್ಟವಾಗಿವೆಯೇ?
ಇ) ಐದು ಬಾರಿ ಒಗೆದ ಮೇಲೂ ಬಣ್ಣ ಬಿರಿಯದೆ, ಬಿಡದೆ ಉಳಿದಿದೆಯೇ? ಬಿಟ್ಟರೆ, ಮುದ್ರಣದ ನಂತರ ಕೊಡುವ ಶಾಖ ಸಾಲದೆ ಹೋಗಿದೆಯೆಂದು ತಿಳಿಯಬಹುದು.
ಈ) ವ್ಯಕ್ತಿಯ ಕುಟುಂಬದವರಿದ್ದಲ್ಲಿ ಅವರು ಮಾದರಿಯನ್ನು ಕಂಡು ಒಪ್ಪಿದ್ದಾರೆಯೇ?

ಒಪ್ಪಿಗೆಯಾದ ಅಂಗಿಯ ಮೇಲೆ ಅಧ್ಯಕ್ಷರು ಹಾಗೂ ಪಂಚಾಯತಿ ಅಭಿವೃದ್ಧಿ ಅಧಿಕಾರಿಗಳು ಸಹಿ ಮಾಡಿ ಕಚೇರಿಯಲ್ಲಿರಿಸಿದರೆ, ಸರಬರಾಜಾದ ಅಂಗಿಗಳನ್ನು ಅದರೊಂದಿಗೆ ಹೋಲಿಸಿ ಬಿಲ್ಲು ಪಾವತಿಸಲು ಆಧಾರ ದೊರೆಯುತ್ತದೆ. ಈ ಪರಿಶೀಲನೆಗೆ ಒಂದು ವಾರವಾದರೂ ಬೇಕಾಗುವುದರಿಂದ, ಉತ್ಸವದ ದಿನಕ್ಕೆ ಕನಿಷ್ಠ ಒಂದು ತಿಂಗಳು ಮುಂಚಿತವಾಗಿ ಚಿತ್ರದ ಆಯ್ಕೆಯನ್ನು ಸಭೆಯಲ್ಲಿ ಇತ್ಯರ್ಥಪಡಿಸುವುದು ಸೂಕ್ತ.