ಗಾಯಕ್ಕೊಂದು ಕೊಡ ನೀರು

ಕಳೆದ ಬೇಸಿಗೆಯಲ್ಲಿ ಹಡಗಲಿ ಕಡೆಯ ತಾಯಿಯೊಬ್ಬರು ತಮ್ಮ ಒಂಬತ್ತು ವರ್ಷದ ಮಗನನ್ನು ಕರೆದುಕೊಂಡು ನನ್ನ ಚಿಕಿತ್ಸಾಲಯಕ್ಕೆ ಬಂದಿದ್ದರು. ಹಿತ್ತಲಿನ ಮಲ್ಲಿಗೆ ಬಳ್ಳಿಯ ಬುಡದ ತಂಪಿನಲ್ಲಿ ಮಲಗಿದ್ದ ಮನೆಯ ನಾಯಿಮರಿಯನ್ನು ಎತ್ತಿಕೊಳ್ಳಲು ಹೋದಾಗ ಅದು ಹುಡುಗನ ಕೈ ಕಚ್ಚಿತ್ತು. ಎರಡು ಹಲ್ಲಿನ ಗುರುತು, ಸ್ವಲ್ಪ ರಕ್ತ. ಅಜ್ಜಿ ಸುಣ್ಣ, ಅರಿಸಿನ ಮೆತ್ತಿ ಬಟ್ಟೆ ಕಟ್ಟಿದ್ದರು. "ಸೋಪು ಹಾಕಿ ತೊಳೆದಿರೇನಮ್ಮ?" ಎಂದು ಕೇಳಿದೆ. "ನಳದ ನೀರು ಬಂದು ಐದು ದಿನ ಆತ್ರೀ ಸಾರ್. ಕೊಡದಾಗ ಇದ್ದದ್ದು ಅರ್ಧ. ಕುಡಿಯಾಕ ಬೇಕಲ್ರೀ" ಎಂದರು.

ಅವರನ್ನು ಗದರಿಸಲು ಮನಸ್ಸಾಗಲಿಲ್ಲ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಈ ಐದೂ ತಾಲ್ಲೂಕುಗಳು ಮಳೆ ಕಡಿಮೆ ಬೀಳುವ ಸೀಮೆ. ಮಳೆ ಕೈಕೊಟ್ಟ ವರ್ಷ ನೀರನ್ನು ಕೊಡದ ಲೆಕ್ಕದಲ್ಲಿ ಖರ್ಚು ಮಾಡುವುದು ಇಲ್ಲಿಯ ಹೆಣ್ಣುಮಕ್ಕಳಿಗೆ ಚಿಕ್ಕಂದಿನಿಂದ ಬಂದ ರೂಢಿ. ಹಾಗೆಂದು ಮನೆಗಳೇನೂ ಬರಡಾಗಿಲ್ಲ. ಪಾತ್ರೆ ತೊಳೆದ ನೀರಿನಲ್ಲೇ ಕರಿಬೇವು, ದಾಸವಾಳ, ಮಲ್ಲಿಗೆ ಬೆಳೆಯುತ್ತವೆ. ಮಧ್ಯಾಹ್ನ ಕಟ್ಟೆಯ ಮೇಲೆ ಕೌದಿ ಹೊಲಿಗೆ ನಡೆಯುತ್ತದೆ. ತಾಂಡಾಗಳಲ್ಲಿ ಕನ್ನಡಿ ಕೂಡಿಸುವ ಕಸೂತಿ, ಕುರಿ ಸಾಕಿದವರಲ್ಲಿ ಉಣ್ಣೆ ನೂತು ಕಂಬಳಿ ನೇಯುವ ಕೆಲಸ. ಅಂಗಳದಲ್ಲಿ ಮೇಕೆ, ಬೆಕ್ಕು, ನಾಯಿ. ಹಡಗಲಿ ತಾಲ್ಲೂಕಿನ ಮೈಲಾರಲಿಂಗನಿಗೆ ನಡೆದುಕೊಳ್ಳುವ ಮನೆಗಳಲ್ಲಂತೂ ನಾಯಿಗೆ ಅದರದ್ದೇ ಆದ ಗೌರವವುಂಟು. ಇದೆಲ್ಲ ಮೈಗೂ ಮನಸ್ಸಿಗೂ ಹಿತವೇ. ಮಾತ್ರೆ ಬರೆದುಕೊಡುವ ಬದಲು 'ಒಂದು ಬಳ್ಳಿ ಹಚ್ಚಿರಿ' ಎಂದು ಹೇಳಬೇಕೆನಿಸುವ ರೋಗಿಗಳೂ ನನಗೆ ಸಿಗುತ್ತಾರೆ.

ಆದರೆ ಹಿತ್ತಲಿನ ಮುಳ್ಳು, ಕೌದಿಯ ಸೂಜಿ, ಬೆಕ್ಕಿನ ಉಗುರು, ನಾಯಿಯ ಹಲ್ಲು ಇವು ಮಾಡುವ ಸಣ್ಣ ಗಾಯಗಳ ವಿಷಯದಲ್ಲಿ ನಾವು ನೀರಿನ ಲೆಕ್ಕ ಹಾಕಬಾರದು.

ಮೊದಲು ಹಲ್ಲು, ಉಗುರಿನ ಮಾತು. ರೇಬೀಸ್ ಅಥವಾ ಹುಚ್ಚುನಾಯಿ ರೋಗದ ವೈರಾಣು ಪ್ರಾಣಿಯ ಜೊಲ್ಲಿನಲ್ಲಿರುತ್ತದೆ. ಗಾಯದ ಮೂಲಕ ಒಳಹೊಕ್ಕು ನರಗಳ ಗುಂಟ ನಿಧಾನವಾಗಿ ಮೆದುಳಿನ ಕಡೆ ಸಾಗುತ್ತದೆ. ಸಾಮಾನ್ಯವಾಗಿ ಒಂದರಿಂದ ಮೂರು ತಿಂಗಳಲ್ಲಿ ರೋಗ ಕಾಣಿಸಿಕೊಳ್ಳುತ್ತದೆ; ಕೆಲವೊಮ್ಮೆ ವಾರದಲ್ಲೇ ಬರಬಹುದು, ವರ್ಷ ಕಳೆದ ಮೇಲೂ ಬರಬಹುದು. ರೋಗಲಕ್ಷಣ ಕಾಣಿಸಿಕೊಂಡಿತೆಂದರೆ ಸಾವು ಬಹುಮಟ್ಟಿಗೆ ಖಚಿತ. ವೈದ್ಯನಾಗಿ ತರಬೇತಿ ಪಡೆಯುತ್ತಿದ್ದ ದಿನಗಳಲ್ಲಿ ಅಂಥ ಒಬ್ಬ ಕುರಿಗಾಹಿಯನ್ನು ನೋಡಿದ್ದೆ. ಬಾಯಾರಿಕೆಯಿಂದ ಲೋಟಕ್ಕೆ ಕೈ ಚಾಚುತ್ತಿದ್ದ, ತುಟಿಯ ಬಳಿ ಬಂದೊಡನೆ ಗಂಟಲು ಬಿಗಿದು ಇಡೀ ಮೈ ನಡುಗುತ್ತಿತ್ತು. ಎಚ್ಚರ ಪೂರ್ತಿಯಿತ್ತು. ಮನೆಯವರ ಹೆಸರು ಹಿಡಿದು ಕರೆಯುತ್ತಿದ್ದ. ನಮ್ಮ ಕೈಯಲ್ಲಿ ಮಾಡುವುದೇನೂ ಇರಲಿಲ್ಲ.

ಈ ವೈರಾಣುವಿಗೆ ಕೊಬ್ಬಿನ ಒಂದು ತೆಳು ಹೊದಿಕೆಯಿದೆ. ಸೋಪು ಆ ಹೊದಿಕೆಯನ್ನು ಒಡೆಯುತ್ತದೆ, ಹರಿಯುವ ನೀರು ಜೊಲ್ಲನ್ನು ಹೊರಗೆ ಕೊಚ್ಚುತ್ತದೆ. ಆದ್ದರಿಂದ ಕಚ್ಚಿದ ಕೂಡಲೇ 15 ನಿಮಿಷ ತೊಳೆಯಬೇಕು. ನಳವಿಲ್ಲದಿದ್ದರೆ? ಒಬ್ಬರು ತಂಬಿಗೆಯಿಂದ ಸಣ್ಣ ಧಾರೆಯಾಗಿ ಹೊಯ್ಯಲಿ, ಇನ್ನೊಬ್ಬರು ಸೋಪು ಹಚ್ಚಿ ತೊಳೆಯಲಿ. ನಿಮಿಷಕ್ಕೆ ಒಂದು ಲೀಟರಿನಂತೆ ಹೊಯ್ದರೂ ಒಟ್ಟು 15 ಲೀಟರು, ಅಂದರೆ ಹೆಚ್ಚು ಕಡಿಮೆ ಒಂದು ಕೊಡ. ಕುಡಿಯುವ ನೀರೇ ಬೇಕೆಂದಿಲ್ಲ, ಬೋರಿನ ಸವಳು ನೀರೂ ಆಗುತ್ತದೆ. ಸವಳು ನೀರಿನಲ್ಲಿ ನೊರೆ ಕಡಿಮೆ, ಆದ್ದರಿಂದ ಸೋಪನ್ನು ಮತ್ತೆ ಮತ್ತೆ ಹಚ್ಚಬೇಕು. ಮೈಸೋಪು ಇಲ್ಲದಿದ್ದರೆ ಬಟ್ಟೆ ಸೋಪು ಹಾಕಿರಿ. ಆ ನೀರು ಬೇಕಿದ್ದರೆ ತೆಂಗಿನ ಬುಡಕ್ಕೇ ಹರಿಯಲಿ! ಸುಣ್ಣ, ಖಾರದ ಪುಡಿ, ಕಾಫಿ ಪುಡಿ, ಎಣ್ಣೆ ಹಚ್ಚಬಾರದು. ಬಿಗಿಯಾಗಿ ಕಟ್ಟಬಾರದು. ಇವನ್ನು ಹಚ್ಚಿಕೊಂಡು ಬಂದವರಿಗೆ ಆಸ್ಪತ್ರೆಯಲ್ಲಿ ನಾವು ಮೊದಲು ಮಾಡುವ ಕೆಲಸ ಅದನ್ನೆಲ್ಲ ತೊಳೆದು ತೆಗೆಯುವುದೇ.

ತೊಳೆದ ಮಾತ್ರಕ್ಕೆ ಮುಗಿಯಲಿಲ್ಲ. ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಹೊಕ್ಕುಳ ಸುತ್ತ 14 ಇಂಜೆಕ್ಷನ್ ಎಂಬ ಭಯ ಹಿರಿಯರಲ್ಲಿ ಇನ್ನೂ ಉಳಿದಿದೆ. ಆ ಹಳೆಯ ಲಸಿಕೆಯ ತಯಾರಿಕೆ ನಮ್ಮ ದೇಶದಲ್ಲಿ 2004ರ ಕೊನೆಗೇ ನಿಂತಿತು. ಈಗ ತೋಳಿಗೆ ಕೊಡುತ್ತಾರೆ. ಚರ್ಮದೊಳಕ್ಕೆ ಕೊಡುವ ಕ್ರಮದಲ್ಲಿ ಮೊದಲ ದಿನದ ನಂತರ 3, 7 ಮತ್ತು 28ನೆಯ ದಿನ ಹೋಗಬೇಕು. ಸ್ನಾಯುವಿಗೆ ಕೊಡುವುದಾದರೆ 14ನೆಯ ದಿನವೂ ಒಂದು ಇರುತ್ತದೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಇದು ಉಚಿತ. ರಕ್ತ ಬಂದಿದ್ದರೆ ಇಮ್ಯುನೋಗ್ಲಾಬ್ಯುಲಿನ್ ಎಂಬ ಮದ್ದನ್ನು ಗಾಯದ ಒಳಗೂ ಸುತ್ತಲೂ ಹಾಕಬೇಕಾಗುತ್ತದೆ. ವೈದ್ಯರನ್ನು ಕೇಳಲು ಸಂಕೋಚಪಡಬೇಡಿ. 'ನಾಯಿಯನ್ನು ಹತ್ತು ದಿನ ನೋಡೋಣ, ಆಮೇಲೆ ಇಂಜೆಕ್ಷನ್' ಎಂಬ ಲೆಕ್ಕಾಚಾರ ತಪ್ಪು. ನಾಯಿಯ ಮೇಲೆ ಕಣ್ಣಿಡಿ, ಇಂಜೆಕ್ಷನ್ನನ್ನು ಮಾತ್ರ ಅಂದೇ ಶುರು ಮಾಡಿ. ಬೆಕ್ಕು ಪರಚಿದರೂ ಇದೇ ನಿಯಮ.

ನಾನು ಹೇಳಿದ ಹುಡುಗನ ನಾಯಿಮರಿ ನಾಲ್ಕನೆಯ ದಿನ ಸತ್ತಿತು. ಅಷ್ಟರಲ್ಲಿ ಅವನ ಗಾಯವನ್ನು ಚೆನ್ನಾಗಿ ತೊಳೆದು ಇಮ್ಯುನೋಗ್ಲಾಬ್ಯುಲಿನ್ ಹಾಕಿ, ಎರಡು ಸಲ ಲಸಿಕೆ ಕೊಟ್ಟಾಗಿತ್ತು. ಉಳಿದದ್ದನ್ನೂ ತಪ್ಪಿಸದೆ ಹಾಕಿಸಿದರು. ಈಗ ಆರೋಗ್ಯವಾಗಿದ್ದಾನೆ. ಸಾಕಿದ ಮರಿಗೆ ಮೂರು ತಿಂಗಳು ತುಂಬಿದಾಗ ಪಶು ಆಸ್ಪತ್ರೆಯಲ್ಲಿ ಲಸಿಕೆ ಹಾಕಿಸಿ, ಆಮೇಲೆ ವರ್ಷ ವರ್ಷವೂ ಹಾಕಿಸುತ್ತಿದ್ದರೆ ಇಷ್ಟೊಂದು ಆತಂಕವಿರುವುದಿಲ್ಲ.

ದನ ಸಾಕಿದವರಿಗೆ ಇನ್ನೊಂದು ಮಾತು. ಹಸುವೋ ಮೇಕೆಯೋ ಮೇವು ಬಿಟ್ಟು ಜೊಲ್ಲು ಸುರಿಸುತ್ತಾ ನಿಂತರೆ, ಗಂಟಲಲ್ಲಿ ಏನೋ ಸಿಕ್ಕಿರಬೇಕೆಂದು ಬಾಯೊಳಗೆ ಕೈ ಹಾಕುವುದು ವಾಡಿಕೆ. ಹುಚ್ಚುನಾಯಿ ಕಚ್ಚಿದ ದನವೂ ಹೀಗೆಯೇ ಕಾಣುತ್ತದೆ. ಬರಿಗೈ ಹಾಕದೆ ಪಶುವೈದ್ಯರನ್ನು ಕರೆಸಿ.

ಇನ್ನು ಮುಳ್ಳು ಮತ್ತು ಸೂಜಿ. ತುಕ್ಕು ಹಿಡಿದ ಕಬ್ಬಿಣ ಚುಚ್ಚಿದರೆ ಮಾತ್ರ ಧನುರ್ವಾಯು ಬರುತ್ತದೆಂದು ಅನೇಕರು ತಿಳಿದಿದ್ದಾರೆ. ಅದರ ರೋಗಾಣು ಇರುವುದು ಮಣ್ಣಿನಲ್ಲಿ, ಸಗಣಿಯಲ್ಲಿ. ಗೊಬ್ಬರದ ಕೈಗೆ ಚುಚ್ಚಿದ ಹಸಿ ಜಾಲಿಮುಳ್ಳು, ಅಂಗಳಕ್ಕೆ ಬಿದ್ದೆದ್ದ ಹೊಳೆಯುವ ದಬ್ಬಣ, ಎರಡೂ ಅಪಾಯವೇ. ಗಾಳಿಯಾಡದ ಆಳದ ಗಾಯದಲ್ಲಿ ಅದು ಬೆಳೆಯುವುದರಿಂದ ಇಲ್ಲಿ ತೊಳೆಯುವುದೊಂದೇ ಸಾಲದು. ಮಣ್ಣು ಸೇರಿದ ಗಾಯವಾಗಿ, ಕೊನೆಯ ಇಂಜೆಕ್ಷನ್ ಹಾಕಿಸಿ ಐದು ವರ್ಷ ಕಳೆದಿದ್ದರೆ ಮತ್ತೊಂದು ಬೇಕು. ಹಿಂದೆ ಟಿಟಿ ಎನ್ನುತ್ತಿದ್ದುದರ ಜಾಗದಲ್ಲಿ ಈಗ ಗಂಟಲಮಾರಿಗೂ ರಕ್ಷಣೆ ಕೊಡುವ ಟಿಡಿ ಬಂದಿದೆ. ಗರ್ಭಿಣಿಯರಿಗೆ, ಶಾಲೆಯ ಮಕ್ಕಳಿಗೆ ಹಾಕುತ್ತಾರೆ. ಊರ ಗಂಡಸರು, ವಯಸ್ಸಾದ ಅಜ್ಜಿಯಂದಿರು ಹಾಕಿಸಿಕೊಂಡಿರುವುದಿಲ್ಲ, ಗೊಬ್ಬರದಲ್ಲಿ ಕೈಯಾಡಿಸುವವರು ಅವರೇ! ದವಡೆ ಬಿಗಿಯತೊಡಗಿ ನುಂಗಲು ಕಷ್ಟವಾದರೆ ಮನೆಯಲ್ಲಿ ತಡಮಾಡದೆ ದೊಡ್ಡ ಆಸ್ಪತ್ರೆಗೆ ಸೇರಿಸಬೇಕು.

'ನಾಯಿ ಕಚ್ಚಿ ತಿಂಗಳಾಯಿತು, ಇನ್ನೇನು ಹೋಗುವುದು' ಎಂದು ಮನೆಯಲ್ಲೇ ಕುಳಿತವರೂ ಇರುತ್ತಾರೆ. ಅವರೂ ಬರಬೇಕು. ರೋಗಲಕ್ಷಣ ಕಾಣಿಸುವ ತನಕ ಲಸಿಕೆಗೆ ಅವಕಾಶವುಂಟು.