ವೋಲ್ಟೇಜ್ ಇಳಿದರೆ ಮರಿಗಳಿಗೆ ಚಳಿ

ಪ್ರಶ್ನೆ: ನಾಟಿಕೋಳಿ ಮರಿಗಳ ಕಾವಿಗೆ 60 ವ್ಯಾಟ್‌ನ ಬುರುಡೆ ಬಲ್ಬ್‌ಗಳನ್ನು ಹಾಕಿದ್ದೇನೆ. ಸಂಜೆ ಕೆಂಪಗೆ ಮಿಣುಕುತ್ತವೆ, ಮರಿಗಳು ಗುಂಪುಗೂಡುತ್ತವೆ. ನಡುರಾತ್ರಿ ಪ್ರಖರವಾಗಿ ಉರಿದು ಬೇಗ ಸುಟ್ಟುಹೋಗುತ್ತವೆ. ಏನು ಮಾಡಲಿ?
– ರೈತ, ಕೋಲಾರ ಜಿಲ್ಲೆ

ಉತ್ತರ: ದೋಷ ಬಲ್ಬಿನದಲ್ಲ, ವೋಲ್ಟೇಜಿನದು. 230 ವೋಲ್ಟ್‌ಗೆ ನಿಮ್ಮ ಬಲ್ಬ್ ಸುಮಾರು 0.26 ಆಂಪಿಯರ್ ಎಳೆಯುತ್ತದೆ. 180ಕ್ಕೆ ಇಳಿದರೆ ಕರೆಂಟು ಸ್ವಲ್ಪವೇ ತಗ್ಗುತ್ತದೆ, ಏಕೆಂದರೆ ತಂತಿ ತಣ್ಣಗಾದಷ್ಟೂ ಅದರ ರೋಧ ಕಡಿಮೆ. ಆದರೆ ಶಾಖ ಸುಮಾರು 40 ವ್ಯಾಟ್‌ಗೆ ಇಳಿಯುತ್ತದೆ, ಬೆಳಕು ಅರ್ಧಕ್ಕಿಂತ ಕಡಿಮೆಯಾಗುತ್ತದೆ. 255 ವೋಲ್ಟ್ ಬಂದರೆ ಬಲ್ಬಿನ ಆಯುಷ್ಯ ಕಾಲುಭಾಗಕ್ಕೆ ಕುಸಿಯಬಹುದು.

ಹೀಗೆ ಮಾಡಿ:

1. ಸಂಜೆ ಏಳಕ್ಕೂ ನಡುರಾತ್ರಿಗೂ ಮಲ್ಟಿಮೀಟರ್‌ನಲ್ಲಿ ವೋಲ್ಟೇಜ್ ಅಳೆದು ಬರೆದಿಡಿ.

2. ಬೇರೆ ಸ್ವಿಚ್‌ಗೆ ಒಂದೆರಡು ಹೆಚ್ಚುವರಿ ಬಲ್ಬ್ ಜೋಡಿಸಿ, ಸಂಜೆ ಮಾತ್ರ ಹಾಕಿ. ಎಲ್‌ಇಡಿ ಬೇಡ, ಕಾವು ಸಾಲದು.

3. ಮೊದಲ ವಾರ ಮರಿಗಳ ಮಟ್ಟದಲ್ಲಿ 33ರಿಂದ 35 ಡಿಗ್ರಿ ಸೆಲ್ಸಿಯಸ್ ಇರಲಿ. ಮರಿಗಳು ಬಲ್ಬಿನಿಂದ ದೂರ ಸರಿದರೆ ಕಾವು ಹೆಚ್ಚಾಗಿದೆ ಎಂದರ್ಥ.

4. ಪಿಂಗಾಣಿ ಹೋಲ್ಡರ್ ಬಳಸಿ, ಸರಪಳಿಯಲ್ಲಿ ತೂಗುಹಾಕಿ. ಹೊಟ್ಟು ತಗುಲಿದರೆ ಬೆಂಕಿ ಹತ್ತುತ್ತದೆ.

5. ಮರಿಗಳು ಹೆಚ್ಚಿದ್ದರೆ ಒಟ್ಟು ವ್ಯಾಟ್‌ಗೆ ತಕ್ಕ ಸ್ಟೆಬಿಲೈಸರ್ ಕೊಳ್ಳಿ.

ವೋಲ್ಟೇಜ್ ದಿನವೂ 216ಕ್ಕಿಂತ ಕೆಳಗೆ ಅಥವಾ 244ಕ್ಕಿಂತ ಮೇಲೆ ಹೋಗುತ್ತಿದ್ದರೆ, ಬರೆದಿಟ್ಟ ಅಂಕಿಗಳೊಂದಿಗೆ 1912ಕ್ಕೆ ದೂರು ಕೊಡಿ. ಮನೆಯ ಒಂದು ಕಡೆ ದೀಪ ಮಂಕಾಗಿ ಇನ್ನೊಂದು ಕಡೆ ಪ್ರಖರವಾದರೆ ನ್ಯೂಟ್ರಲ್ ಸಡಿಲವಾಗಿರಬಹುದು. ಮೇನ್ ಆಫ್ ಮಾಡಿ ಪರವಾನಗಿ ಇರುವ ಎಲೆಕ್ಟ್ರಿಷಿಯನ್‌ರನ್ನು ಕರೆಸಿ. ನೀವೇ ಕೈಹಾಕಬೇಡಿ.