ಎಲೆಯ ರೇಟು ಏರಿದಾಗ ಗ್ರಾಹಕರಿಗೆ ಹೇಳುವುದು ಹೇಗೆ?



ಮದುವೆ ಊಟದ ಮಾತುಕತೆ ಮುಗಿಯುವುದು ನಾಲ್ಕಾರು ತಿಂಗಳು ಮೊದಲು. ನಾವು ದಿನಸಿ ಕೊಳ್ಳುವುದು ಮದುವೆಯ ವಾರ. ನಡುವೆ ಬೆಲೆ ಏರಿದರೆ ಗ್ರಾಹಕರೊಡನೆ ಹೇಗೆ ಮಾತಾಡಬೇಕು ಎಂಬುದು ಈ ಸಲದ ಪಾಠ.

2024ರ ಸೆಪ್ಟೆಂಬರ್ 14ರಿಂದ ಕೇಂದ್ರ ಸರಕಾರ ಕಚ್ಚಾ ಪಾಮ್, ಸೋಯಾ, ಸೂರ್ಯಕಾಂತಿ ಎಣ್ಣೆಗಳ ಒಟ್ಟು ಆಮದು ಸುಂಕವನ್ನು 5.5%ರಿಂದ 27.5%ಕ್ಕೆ ಏರಿಸಿತು. ಜೂನ್‌ನಲ್ಲಿ ರೇಟು ಒಪ್ಪಿ ನವೆಂಬರ್‌ನಲ್ಲಿ ಬಡಿಸಿದವರಿಗೆ ಅದರ ಬಿಸಿ ಗೊತ್ತು. ಅದಕ್ಕೂ ಹಿಂದೆ, 2023ರ ಜುಲೈಯಲ್ಲಿ, ಟೊಮೇಟೊ ಕಿಲೋಗೆ 100 ರೂಪಾಯಿ ದಾಟಿತ್ತು.

ಆ ಟೊಮೇಟೊ ಕಾಲದಲ್ಲಿ ನಾನೇ ಒಂದು ತಪ್ಪು ಮಾಡಿದೆ. ಡೊಂಬಿವಲಿಯಲ್ಲಿ ಒಂದು ನಾಮಕರಣ. ಒಪ್ಪಿದ ರೇಟು ಏರಿಸಿ ಎನ್ನಲು ಸಂಕೋಚ. ಸಾರಿಗೆ ಟೊಮೇಟೊ ಅರ್ಧ ಮಾಡಿ ಹುಣಸೆಹಣ್ಣು ಹೆಚ್ಚಿಸಿದೆವು. ಎರಡನೇ ಪಂಕ್ತಿಯಲ್ಲಿ ಮಗುವಿನ ಅಜ್ಜ, "ಏನ್ ಭಟ್ರೇ, ಸಾರಿಗೆ ಟೊಮೇಟೊ ತೋರಿಸಿ ತೆಗೆದ್ರಾ?" ಅಂದರು. ಪಂಕ್ತಿಯೆಲ್ಲ ನಕ್ಕಿತು. ದುಡ್ಡು ಪೂರ್ತಿ ಬಂತು. ಆ ಮನೆಯಿಂದ ಮತ್ತೆ ಫೋನ್ ಬರಲಿಲ್ಲ. ಮೊದಲೇ ಹೇಳಿದ್ದರೆ ಎಲೆಗೆ ಐದು ರೂಪಾಯಿ ಅವರು ಖಂಡಿತ ಕೊಡುತ್ತಿದ್ದರು.

ಐದು ರೂಪಾಯಿ ಎಂದೆ. ಲೆಕ್ಕ ನೋಡಿ. 500 ಎಲೆಯ ಊಟಕ್ಕೆ 30 ಕಿಲೋ ಟೊಮೇಟೊ ಎಂದಿಟ್ಟುಕೊಳ್ಳಿ. ಕಿಲೋಗೆ 80 ರೂಪಾಯಿ ಏರಿದರೆ 2,400, ಎಲೆಗೆ 4 ರೂಪಾಯಿ 80 ಪೈಸೆ. ಎಣ್ಣೆ 40 ಲೀಟರ್, ಲೀಟರಿಗೆ 40 ಏರಿದರೆ ಎಲೆಗೆ 3 ರೂಪಾಯಿ 20 ಪೈಸೆ. ಕಮರ್ಷಿಯಲ್ ಗ್ಯಾಸ್ ಐದು ಸಿಲಿಂಡರ್, ತಲಾ 100 ಏರಿದರೆ ಒಂದು ರೂಪಾಯಿ. ಮೂರೂ ಒಟ್ಟಿಗೆ ಏರಿದರೂ 9 ರೂಪಾಯಿ! ನಮ್ಮಲ್ಲಿ ಕೆಲವರು "ಎಣ್ಣೆ ಏರಿದೆ, ಎಲೆಗೆ 40 ಜಾಸ್ತಿ ಕೊಡಿ" ಎನ್ನುತ್ತಾರೆ. ಗ್ರಾಹಕರ ಮನೆಯಲ್ಲೂ ಬ್ಯಾಂಕಿನವರು, ಅಕೌಂಟೆಂಟರು ಇರುತ್ತಾರೆ. ಆ ಮಾತನ್ನು ಅವರು ನಂಬುವುದಿಲ್ಲ, ನಂಬಬೇಕಾಗಿಯೂ ಇಲ್ಲ.

ಉಳಿದ 31 ರೂಪಾಯಿ ನಿಜವಾಗಿ ಬೇಕಾಗಿದ್ದರೆ ಅದು ಕೂಲಿಯದು. ಹಾಗಾದರೆ ಕೂಲಿ ಎಂದೇ ಹೇಳಿ. ನಸುಕಿಗೇ ಒಲೆ ಹಚ್ಚುವವರು, ಹೋಳಿಗೆ ಲಟ್ಟಿಸುವವರು, ಊರಿಂದ ರೈಲು ಚಾರ್ಜು ಕೊಟ್ಟು ಕರೆಸುವ ಅಡುಗೆಯವರು, ಬಡಿಸುವ ಹುಡುಗರು, ಇವರ್‍ಯಾರೂ ಕೊಟೇಶನ್‌ನಲ್ಲಿ ಕಾಣುವುದಿಲ್ಲ. ಮೆನು ಕೆಳಗೆ "ಅಡುಗೆಯವರು 8, ಬಡಿಸುವವರು 20" ಎಂದು ಬರೆಯಿರಿ. ಪಕ್ಕದವನು ಎಲೆಗೆ 50 ಕಡಿಮೆ ಹೇಳಿದಾಗ ಗ್ರಾಹಕರು ಅವನಿಗೆ ಕೇಳುವ ಮೊದಲ ಪ್ರಶ್ನೆ ಅದೇ ಆಗುತ್ತದೆ.

ಕೊಟೇಶನ್‌ಗೆ ತಾರೀಖು ಹಾಕಿ, ಎಷ್ಟು ದಿನ ಊರ್ಜಿತ ಎಂದು ಬರೆಯಿರಿ. ಎಣ್ಣೆ, ತುಪ್ಪ, ಗೋಡಂಬಿಗೆ ಆ ದಿನದ ಬೆಲೆ ನಮೂದಿಸಿ, ಮದುವೆಗೆ ಹದಿನೈದು ದಿನ ಮೊದಲು ಮತ್ತೆ ನೋಡುತ್ತೇವೆ ಎಂದು ಸೇರಿಸಿ. ಆ ದಿನ ಬೆಲೆ ಏರಿದ್ದರೆ ಬಿಲ್ಲು ಹಿಡಿದು ಮನೆಗೇ ಹೋಗಿ. ಫೋನಿನಲ್ಲಿ ಈ ಮಾತು ಜಗಳದಂತೆ ಕೇಳಿಸುತ್ತದೆ. "ರಾಯರೇ, ಎಲೆಗೆ ಒಂಬತ್ತು ರೂಪಾಯಿ ಹೆಚ್ಚಾಗುತ್ತೆ. ಬೇಡ ಅಂದ್ರೆ ಚಿರೋಟಿ ಬಿಟ್ಟು ಹಯಗ್ರೀವ ಮಾಡೋಣ, ಎಣ್ಣೆ ಉಳಿಯುತ್ತೆ." ಆಯ್ಕೆ ಅವರದಾಗಲಿ. ಹೇಳಿ ಬದಲಾಯಿಸಿದ್ದಕ್ಕೆ ಯಾರೂ ಪಂಕ್ತಿಯಲ್ಲಿ ನಗುವುದಿಲ್ಲ.

ಇಳಿದಾಗಲೂ ಇದೇ ಕ್ರಮ. 2025ರ ಮೇ ಕೊನೆಗೆ ಕಚ್ಚಾ ಎಣ್ಣೆಗಳ ಸುಂಕ 16.5%ಕ್ಕೆ ಇಳಿಯಿತು, ಸೆಪ್ಟೆಂಬರ್ 22ರಿಂದ ತುಪ್ಪದ ಜಿಎಸ್‌ಟಿ 12%ರಿಂದ 5% ಆಯಿತು. 5% ತೆರಿಗೆ ಹಾಕುವ ನಮ್ಮಂಥ ಕೇಟರರ್‌ಗಳಿಗೆ ಇನ್‌ಪುಟ್ ಕ್ರೆಡಿಟ್ ಇಲ್ಲದ್ದರಿಂದ ತುಪ್ಪದ ಉಳಿತಾಯ ನಮಗೇ ಸಿಗುತ್ತದೆ. ಒಬ್ಬ ಗ್ರಾಹಕರು ಕೇಳಿಯೇಬಿಟ್ಟರು: "ತುಪ್ಪ ಇಳೀತಲ್ಲ, ರೇಟು ಯಾಕೆ ಇಳಿದಿಲ್ಲ?" ತೆರಿಗೆ ಬಿಟ್ಟು ಕಿಲೋಗೆ 600ರಂತೆ ಐದು ಕಿಲೋ ತುಪ್ಪ, ಉಳಿದದ್ದು 210 ರೂಪಾಯಿ, 500 ಎಲೆಗೆ ಹಂಚಿದರೆ 42 ಪೈಸೆ. ಕಾಗದದಲ್ಲಿ ಬರೆದು ತೋರಿಸಿದೆ. ಅವರು ನೋಡಿ, "ಹಾಗಾದ್ರೆ ಅದನ್ನ ಹೋಳಿಗೆ ಮೇಲೇ ಹಾಕಿಸಿಬಿಡಿ ಭಟ್ರೇ" ಅಂದರು.